ರೆಲೆವೆಂಟಾಗಿ ಮಾತಾಡಿ ಮಾರಾಯ್ರೆ

ಮುಂಬಯಿ ಪಕ್ಕದ ಡೊಂಬಿವಲಿ, ಕಲ್ಯಾಣದ ಕಡೆ ಕನ್ನಡ ಕಾರ್ಯಕ್ರಮದ ಆಮಂತ್ರಣ ಬಂದರೆ ವಿಷಯ ಏನೆಂದು ನಾನು ಓದುವ ಗೋಜಿಗೇ ಹೋಗುವುದಿಲ್ಲ. ಬಸವಣ್ಣನವರಿರಲಿ, ಕನಕದಾಸರಿರಲಿ, ಕುವೆಂಪು ಇರಲಿ, ಮುಂದಿನ ಎರಡು ಪದ ಖಾಯಂ: ‘ಇಂದಿನ ಪ್ರಸ್ತುತತೆ’. ಭಾಷಣಕಾರರು ಮುಕ್ಕಾಲು ಗಂಟೆ ಮಾತಾಡಿ, ಹೌದು, ಇವರು ಇಂದಿಗೂ ಪ್ರಸ್ತುತ ಎಂದು ತೀರ್ಪು ಕೊಡುತ್ತಾರೆ. ಅಲ್ಲ ಎಂದವರನ್ನು ನಾನಿನ್ನೂ ಕಂಡಿಲ್ಲ. ಹಾಗೆ ಅಂದವರಿಗೆ ಶಾಲು ಹೊದಿಸುವವರು ಯಾರು?

ಇಂಗ್ಲಿಷಿನ ರೆಲೆವೆನ್ಸಿಗೆ ಪಂಚೆ ಉಡಿಸಿ ಕೂರಿಸಿದ ಪದ ಇದು. ತೊಂದರೆ ಏನೆಂದರೆ, ನಮ್ಮಲ್ಲಿ ಪ್ರಸ್ತುತ ಅಂದರೆ ‘ಸದ್ಯ’ ಅಂತಲೂ ಆಗುತ್ತದೆ. ಒಂದು ಸಭೆಯಲ್ಲಿ ನಿರೂಪಕಿ, “ಪ್ರಸ್ತುತ ಅಧ್ಯಕ್ಷರು ಈಗ ಮಾತಾಡುತ್ತಾರೆ” ಅಂದಳು. ನನ್ನ ಪಕ್ಕ ಕೂತಿದ್ದ ಮಾಜಿ ಅಧ್ಯಕ್ಷರು, “ಹಾಗಾದ್ರೆ ನಾವೆಲ್ಲ ಅಪ್ರಸ್ತುತರೋ?” ಎಂದು ಮುಖ ಊದಿಸಿದರು. ಗೋಳಿಬಜೆಯ ತಟ್ಟೆ ಬರುವ ತನಕ ಆ ಮುಖ ಇಳಿಯಲಿಲ್ಲ.

ಆದರೂ ಸಭೆಯ ರೆಲೆವೆನ್ಸ್ ನಿರಪಾಯಕಾರಿ. ನೌಕರಿಯದು ಹಾಗಲ್ಲ. ಠಾಣೆ–ಬೇಲಾಪುರ ರಸ್ತೆಯಲ್ಲಿ ಹಿಂದೆ ಕೆಮಿಕಲ್ ಕಾರ್ಖಾನೆಗಳದ್ದೇ ಕಾರುಬಾರು. ಈಗ ಐರೋಲಿ, ಮಹಾಪೆ ಕಡೆ ಗಾಜಿನ ಕಟ್ಟಡಗಳು ಎದ್ದಿವೆ. ಅಲ್ಲಿ ಸಂದರ್ಶನಕ್ಕೆ ಹೋಗಿಬಂದ ನಮ್ಮ ಬಿಲ್ಡಿಂಗಿನ ಹುಡುಗ ಹೇಳಿದ: “ಅಂಕಲ್, ಆರು ವರ್ಷ ಎಕ್ಸ್‌ಪೀರಿಯನ್ಸ್ ಇದೆ ಅಂದೆ. ಅದ್ರಲ್ಲಿ ರೆಲೆವೆಂಟ್ ಎಷ್ಟು ಅಂತ ಕೇಳಿದ್ರು.” ಅವನ ಅಪ್ಪ ಕುಂದಾಪುರದ ಕಡೆಯವರು. ಟೇಬಲ್ ಒರೆಸುವ ಕೆಲಸದಿಂದ ಶುರುಮಾಡಿ ಹೋಟೆಲಿನ ಗಲ್ಲೆಯ ತನಕ ಬಂದವರು. “ಗಲ್ಲೆಯಲ್ಲಿ ಕೂರ್ಲಿಕ್ಕೆ ಟೇಬಲ್ ಒರ್ಸಿದ ಅನುಭವ ರೆಲೆವೆಂಟಾ ಅಲ್ವಾ, ಅವ್ರನ್ನೇ ಕೇಳು ಮಗಾ” ಅಂದರು. ಹುಡುಗ ಕೇಳಲಿಲ್ಲ. ಕೆಲಸವೂ ಸಿಕ್ಕಿತು ಅನ್ನಿ. ಆಮೇಲೆ ಹಳೆಯ ಕಂಪನಿಯ ‘ರಿಲೀವಿಂಗ್ ಲೆಟರ್’ ತಾ ಅಂದರಂತೆ. ತಮಾಷೆ ಏನೆಂದರೆ ಈ ರೆಲೆವೆಂಟ್, ಆ ರಿಲೀವಿಂಗ್, ಎರಡರ ಬೇರೂ ಲ್ಯಾಟಿನ್ನಿನ ಒಂದೇ ಕ್ರಿಯಾಪದ, ‘ರೆಲೆವಾರೆ’. ಅರ್ಥ ಮೇಲೆತ್ತು, ಭಾರ ಇಳಿಸು ಅಂತ. ಎತ್ತುವವರೂ ಇಳಿಸುವವರೂ ಒಂದೇ ಎಚ್‌ಆರ್ ಖಾತೆಯವರೇ ಆಗಿರುವುದರಿಂದ ವ್ಯುತ್ಪತ್ತಿ ಸರಿಯಾಗಿಯೇ ಇದೆ.

ಇನ್ನು ಈ ಪದಕ್ಕೆ ನಿಜವಾದ ಸರ್ಕಾರಿ ಮುದ್ರೆ ಬಿದ್ದದ್ದು ಕೋರ್ಟಿನಲ್ಲಿ. ಕಲ್ಯಾಣ ಕೋರ್ಟಿನ ಕನ್ನಡ ವಕೀಲರೊಬ್ಬರು ನನ್ನ ಲೋಕಲ್ ಟ್ರೈನಿನ ಗೆಳೆಯರು. 1872ರ ಭಾರತೀಯ ಸಾಕ್ಷ್ಯ ಕಾಯ್ದೆಯಲ್ಲಿ ಯಾವುದು ರೆಲೆವೆಂಟ್ ಎಂದು ಹೇಳಲಿಕ್ಕೇ 5ರಿಂದ 55ರವರೆಗೆ ಕಲಮುಗಳಿದ್ದವು ಎಂದು ಅವರೇ ಹೇಳಿದ್ದು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ, ನಂಬರು ಹೊಸದಾಗಿ ಬಾಯಿಪಾಠ ಮಾಡಬೇಕು ಎಂದು ಅವರ ಗೋಳು. ಹಳೆಯ ಕಾಯ್ದೆಯ 165ನೇ ಕಲಮು ಮಾತ್ರ ನನಗೆ ಬಹಳ ಹಿಡಿಸಿತು. ಅದರ ಪ್ರಕಾರ ನ್ಯಾಯಾಧೀಶರು ಯಾವ ಸಾಕ್ಷಿಗಾದರೂ, ಯಾವಾಗ ಬೇಕಾದರೂ, ರೆಲೆವೆಂಟ್ ಆಗಿರಲಿ ಇರ್ರೆಲೆವೆಂಟ್ ಆಗಿರಲಿ, ಯಾವ ಸಂಗತಿಯನ್ನಾದರೂ ಕೇಳಬಹುದಿತ್ತು. ವಕೀಲರು ಆಕ್ಷೇಪ ಎತ್ತುವ ಹಾಗಿರಲಿಲ್ಲ. ಈ ಅಧಿಕಾರ ಬ್ರಿಟಿಷರು ಬರುವ ಎಷ್ಟೋ ಮೊದಲಿನಿಂದ ನಮ್ಮ ಮನೆಯ ಹೆಂಗಸರ ಕೈಯಲ್ಲಿತ್ತು ಎಂಬುದು ನನ್ನ ಅಂದಾಜು. ಟ್ರೈನು ಯಾಕೆ ಲೇಟು ಎಂಬಲ್ಲಿ ಹೊರಟ ವಿಚಾರಣೆ ಮದುವೆಯ ವರ್ಷ ನನ್ನ ಚಿಕ್ಕಮ್ಮ ಆಡಿದ ಮಾತಿಗೆ ಹೋಗಿ ನಿಲ್ಲುತ್ತದೆ. ಆಕ್ಷೇಪಕ್ಕೆ ಅವಕಾಶವಿಲ್ಲ.

ಈ ವಕೀಲರದ್ದೂ ಒಂದು ವಿಚಿತ್ರ. ಕೋರ್ಟಿನಲ್ಲಿ ಎದುರಾಳಿಯ ಪ್ರತಿ ಮಾತಿಗೂ “ಇರ್ರೆಲೆವೆಂಟ್” ಅನ್ನುವವರು ಟ್ರೈನ್ ಹತ್ತಿದರೆ ಬರೀ ಬಾದರಾಯಣ ಸಂಬಂಧದ ಮಾತನ್ನೇ ಶುರುಮಾಡುತ್ತಾರೆ. ಹಿಂದೆ ಫಾಸ್ಟ್ ಲೋಕಲ್‌ಗಳು 1916ರಲ್ಲಿ ಕೊರೆದು ಮುಗಿಸಿದ ಪಾರ್ಸಿಕ್ ಸುರಂಗದಲ್ಲಿ ನುಗ್ಗುತ್ತಿದ್ದ ಕಾಲದಲ್ಲಿ, ಸುರಂಗದ ಈ ಬಾಯಿಯಲ್ಲಿ ಅವರು ಎತ್ತಿದ ಬಂಗುಡೆಯ ರೇಟು ಆ ಬಾಯಿಯಲ್ಲಿ ಹೊರಬೀಳುವಾಗ ಯಕ್ಷಗಾನದ ಭಾಗವತರ ಸ್ವರವಾಗಿರುತ್ತಿತ್ತು. ನಡುವೆ ಏನಾಯಿತೆಂದು ಗದ್ದಲದಲ್ಲಿ ಯಾರಿಗೂ ಕೇಳಿಸುತ್ತಿರಲಿಲ್ಲ.

ಹೀಗೆ ಸಂಬಂಧವಿಲ್ಲದ್ದನ್ನು ಮಾತಾಡುವುದಕ್ಕೆ ನಮ್ಮ ಹಿರಿಯರ ಒಪ್ಪಿಗೆ ಇದೆ ಎಂಬುದು ನನ್ನ ವಾದ. ಅಲಂಕಾರಶಾಸ್ತ್ರದಲ್ಲಿ ‘ಅಪ್ರಸ್ತುತಪ್ರಶಂಸೆ’ ಎಂಬ ಅಲಂಕಾರವೇ ಇದೆಯಲ್ಲ! ಸಂಬಂಧವಿಲ್ಲದ್ದನ್ನು ಹೊಗಳಿ ಸಂಬಂಧಪಟ್ಟವರಿಗೆ ಚುಚ್ಚುವುದು. ನಮ್ಮ ಕವಿರಾಜಮಾರ್ಗಕ್ಕೆ ದಾರಿ ತೋರಿದ ಕಾವ್ಯಾದರ್ಶದಲ್ಲಿ ದಂಡಿ ಕೊಡುವ ಉದಾಹರಣೆ ಜಿಂಕೆಗಳದ್ದು. ಯಾರ ಚಾಕರಿಯೂ ಇಲ್ಲದೆ, ಸುಲಭವಾಗಿ ಸಿಗುವ ಹುಲ್ಲು ನೀರಿನಲ್ಲಿ ಅವು ಕಾಡಿನಲ್ಲಿ ಹಾಯಾಗಿವೆ ಎಂದು ಒಬ್ಬ ಹೇಳುತ್ತಾನೆ. ಹೇಳುವವನು ಅರಸನ ಸೇವೆಯಲ್ಲಿ ಬೇಸತ್ತ ಮನುಷ್ಯ ಎಂದು ದಂಡಿಯೇ ಬಿಡಿಸಿ ಹೇಳುತ್ತಾನೆ. ಜಿಂಕೆಯ ಮಾತು ನೆಪ.

ದಂಡಿ ಕಾಣದ ಊರಿನಲ್ಲಿ ಈ ಅಲಂಕಾರ ದಿನಾ ಬೆಳಿಗ್ಗೆ ನಡೆಯುತ್ತದೆ. ನವಿ ಮುಂಬಯಿಯವರು ವಾಶಿ ಸೇತುವೆ ದಾಟುವಾಗ, ಚಳಿಗಾಲದಲ್ಲಿ ಬಂದು ಠಾಣೆ ಖಾಡಿಯ ಕೆಸರಿನಲ್ಲಿ ಸಾವಿರಗಟ್ಟಲೆ ನಿಲ್ಲುವ ಫ್ಲೆಮಿಂಗೋಗಳನ್ನು ತೋರಿಸಿ “ಎಂಥಾ ಸುಖ ನೋಡಿ” ಅನ್ನುತ್ತಾರೆ. ನಮ್ಮ ಡೊಂಬಿವಲಿ ಲೈನಿಗೆ ಅಷ್ಟು ಚಂದದ ಹಕ್ಕಿ ಎಲ್ಲಿಂದ ಬರಬೇಕು? ಮೊನ್ನೆ ದಿವಾ ಹತ್ತಿರ ಗಾಡಿ ಸಿಗ್ನಲ್‌ಗೆ ನಿಂತಿತ್ತು. ಹೊರಗೆ ಹೊಂಡದಲ್ಲಿ ಒಂದು ಎಮ್ಮೆ ಕುತ್ತಿಗೆವರೆಗೆ ಮುಳುಗಿ, ಬೆನ್ನ ಮೇಲೆ ಬೆಳ್ಳಕ್ಕಿ ಕೂರಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಮೆಲುಕು ಹಾಕುತ್ತಿತ್ತು. ಮೂವರ ಸೀಟಿನಲ್ಲಿ ನಾಲ್ಕನೆಯವರಾಗಿ, ಅರ್ಧ ತೊಡೆ ಗಾಳಿಯಲ್ಲಿಟ್ಟು ಕೂತಿದ್ದ ವಕೀಲರು ಅದನ್ನೇ ನೋಡಿ, “ಅದಕ್ಕೆ ಪಾಸೂ ಬೇಡ, ಬಾಸೂ ಇಲ್ಲ ಮಾರಾಯ್ರೆ” ಅಂದರು. ನಾನು ದಂಡಿಯನ್ನು ನೆನೆದು ತಲೆದೂಗಿದೆ. ಕನ್ನಡ ಬಾರದಿದ್ದರೂ ನಮ್ಮ ಮುಖ, ಎಮ್ಮೆಯ ಮುಖ ಎರಡನ್ನೂ ನೋಡುತ್ತಿದ್ದ ಎದುರು ಸೀಟಿನ ಮರಾಠಿ ಕಾಕಾ, “ಕಾಯ್ ಸಂಬಂಧ?” ಎಂದು ಕೇಳಿದರು. ವಕೀಲರು ವಿವರಿಸಲು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಗಾಡಿ ಹೊರಟಿತು, ಠಾಣೆಯಲ್ಲಿ ಇಳಿಯುವವರು ಎದ್ದರು, ಕಿಟಕಿ ಸೀಟು ಖಾಲಿಯಾಯಿತು. ಕಾಕಾ ಉತ್ತರಕ್ಕೆ ಕಾಯದೆ ಅತ್ತ ಜಾರಿಕೊಂಡರು.