ಇಟಲಿ ಕಾಣದ ಇಟಾಲಿಯನ್ ಕೋಳಿ

ಅಮೆರಿಕದ ಕಾನ್ಸಸ್ ಸಿಟಿಗೆ ಅಂಟಿಕೊಂಡ ಓವರ್‌ಲ್ಯಾಂಡ್ ಪಾರ್ಕ್. ಗಂಡ ಹೆಂಡತಿ ಇಬ್ಬರೂ ಐಟಿಯಲ್ಲಿ ದುಡಿಯುವ ಒಂದು ಕನ್ನಡದ ಮನೆ. ಅಡುಗೆಮನೆಯ ಕಟ್ಟೆಯ ಮೇಲೆ, ಮಿಕ್ಸಿಗೂ ಟೋಸ್ಟರಿಗೂ ನಡುವೆ, ಹೊಟ್ಟೆ ಬಿಟ್ಟುಕೊಂಡು ಕೂತಿರುವವರೇ ನಮ್ಮ ಈ ಸಲದ ಅತಿಥಿ ಶ್ರೀ ಸ್ಲೋ ಕುಕ್ಕರ್. ನಾವು ಹೋದಾಗ ಅವರ ಹೊಟ್ಟೆಯೊಳಗೆ ‘ಇಟಾಲಿಯನ್ ಚಿಕನ್’ ಬೇಯುತ್ತಿತ್ತು. ಸಂದರ್ಶನಕ್ಕೆ ಎಷ್ಟು ಹೊತ್ತು ಕೊಡುತ್ತೀರಿ ಎಂದು ಕೇಳಿದ್ದಕ್ಕೆ “ಲೋ ಆದರೆ ಆರು ಗಂಟೆ, ಹೈ ಆದರೆ ಮೂರು” ಎಂದರು. ಪತ್ರಿಕೆಯವರಲ್ಲವೇ, ಹೈ ಎಂದೆವು.

ಪತ್ರಿಕೆ: ನಮಸ್ಕಾರ. ಹೇಗಿದ್ದೀರಿ?

ಕುಕ್ಕರ್: (ಬಹಳ ಹೊತ್ತು ಬಿಟ್ಟು) ಕಾಯುತ್ತಿದ್ದೇನೆ.

ಪತ್ರಿಕೆ: ನಿಮ್ಮ ಹುಟ್ಟು, ಮನೆತನದ ಬಗ್ಗೆ ಓದುಗರಿಗೆ ತಿಳಿಸಿ.

ಕುಕ್ಕರ್: ಹುಟ್ಟಿದ್ದು ಶಿಕಾಗೊದಲ್ಲಿ. ತಂದೆ ಅರ್ವಿಂಗ್ ನ್ಯಾಕ್ಸನ್, ಎಂಜಿನಿಯರು. 1936ರಲ್ಲಿ ಪೇಟೆಂಟಿಗೆ ಅರ್ಜಿ ಹಾಕಿದರು, 1940ರಲ್ಲಿ ಸಿಕ್ಕಿತು. ನಾಲ್ಕು ವರ್ಷ ಹಿಡಿಯಿತು ಅಂತ ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ. ಸ್ಲೋ ಕುಕ್ಕರಿನ ಕಡತ ಬೇಗ ಬೆಂದುಬಿಟ್ಟರೆ ಮನೆತನದ ಮರ್ಯಾದೆ ಏನಾಗಬೇಕು? ನಿಜವಾದ ಮೂಲ ಇನ್ನೂ ಹಿಂದಿನದು. ನ್ಯಾಕ್ಸನ್ ಅವರ ತಾಯಿ ಲಿಥುವೇನಿಯಾದ ವಿಲ್ನಾ ಕಡೆಯ ಯಹೂದಿ ಮನೆಯವರು. ಅವರಲ್ಲಿ ಶುಕ್ರವಾರ ಹೊತ್ತು ಮುಳುಗಿದ ಮೇಲೆ ಶನಿವಾರ ಕತ್ತಲಾಗುವವರೆಗೆ ಸಬ್ಬತ್ತು, ಬೆಂಕಿ ಹಚ್ಚುವಂತಿಲ್ಲ. ಹಾಗಂತ ಹೊಟ್ಟೆ ಕೇಳುತ್ತದೆಯೇ? ಕಾಳು, ಮಾಂಸ, ಗೆಡ್ಡೆ ಎಲ್ಲವನ್ನೂ ಒಂದೇ ಮಡಕೆಗೆ ತುಂಬಿ, ಶುಕ್ರವಾರ ಸಂಜೆಯೇ ಊರಿನ ಬೇಕರಿಯ ಒಲೆಯೊಳಗೆ ಇಟ್ಟು ಬರುತ್ತಿದ್ದರು. ಬ್ರೆಡ್ಡಿನ ಕೆಲಸ ಮುಗಿದು ಆರುತ್ತಿರುವ ಒಲೆ. ಉಳಿದ ಕಾವಿನಲ್ಲೇ ರಾತ್ರಿಯಿಡೀ ಬೆಂದು ಮರುದಿನದ ಊಟಕ್ಕೆ ಚೋಲೆಂಟ್ ಸಿದ್ಧ. ತಾಯಿ ಹೇಳಿದ ಆ ಕತೆಗೆ ಮಗ ವೈರು ಜೋಡಿಸಿದ, ನಾನು ಹುಟ್ಟಿದೆ. ಆಗ ನನ್ನ ಹೆಸರು ನ್ಯಾಕ್ಸನ್ ಬೀನರಿ. ಕಾಳು ಬೇಯಿಸುವುದಷ್ಟೇ ಕೆಲಸ. ದೇವರಿಗೆ ಹೆದರಿ ಬೆಂಕಿ ಹಚ್ಚದವರಿಗಾಗಿ ಹುಟ್ಟಿದವನು, ಈಗ ಆಫೀಸಿಗೆ ಹೆದರಿ ಬೆಂಕಿ ಹಚ್ಚದವರ ಮನೆಯಲ್ಲಿದ್ದೇನೆ.

ಪತ್ರಿಕೆ: ಶಿಕಾಗೊದಿಂದ ಈ ಕಡೆ ಬಂದದ್ದು?

ಕುಕ್ಕರ್: ಮಾರಾಟವಾಗಿ. 1970ರಲ್ಲಿ ಕಾನ್ಸಸ್ ಸಿಟಿಯ ರೈವಲ್ ಕಂಪನಿ ನ್ಯಾಕ್ಸನ್ ಅವರ ವ್ಯವಹಾರವನ್ನು ಕೊಂಡುಕೊಂಡಿತು. ಆ ವ್ಯಾಪಾರದಲ್ಲಿ ನಾನು ಬರೀ ಕೊಸರು. ಮರುವರ್ಷ ಕ್ರಾಕ್-ಪಾಟ್ ಎಂದು ಹೊಸ ನಾಮಕರಣ ಮಾಡಿ, ಮೈಗೆ ಬಣ್ಣ ಬಳಿದು ಅಂಗಡಿಗೆ ಬಿಟ್ಟರು. ಅಮೆರಿಕದ ಹೆಂಗಸರು ದೊಡ್ಡ ಸಂಖ್ಯೆಯಲ್ಲಿ ಕೆಲಸಕ್ಕೆ ಹೊರಟಿದ್ದ ಕಾಲ. ಬೆಳಗ್ಗೆ ಹಾಕಿ ಹೋಗಿ, ಸಂಜೆ ಬಂದು ಉಣ್ಣಿ ಅನ್ನುವುದು ಜಾಹೀರಾತಿನ ಸಾರಾಂಶ. ಗಂಡಸು ಮನೆಗೆ ಬಂದು ಅಡುಗೆ ಮಾಡಲಿ ಅನ್ನುವುದಕ್ಕಿಂತ ಗಡಿಗೆಗೆ ಕರೆಂಟ್ ಕೊಡುವುದು ಆ ದೇಶಕ್ಕೆ ಸುಲಭವಾಗಿ ಕಂಡಿತು. 1974ರಲ್ಲಿ ಒಳಗಿನ ಪಿಂಗಾಣಿ ಪಾತ್ರೆಯನ್ನು ಎತ್ತಿ ತೊಳೆಯುವ ಹಾಗೆ ಮಾಡಿದರು. ಮೇಬಲ್ ಹಾಫ್‌ಮನ್ ಎಂಬಾಕೆ 1975ರಲ್ಲಿ ನನ್ನ ಅಡುಗೆಗಳ ಮೇಲೊಂದು ಪುಸ್ತಕ ಬರೆದರು, ಬಿಸಿಯಾಗಿಯೇ ಮಾರಾಟವಾಯಿತು. ನನ್ನ ಬದುಕಿನಲ್ಲಿ ಬೇಗ ಆದದ್ದು ಅಂತ ಇದ್ದರೆ ಅದೊಂದೇ.

ಪತ್ರಿಕೆ: ಈಗ ಮುಖ್ಯ ವಿಷಯ. ಇಟಾಲಿಯನ್ ಚಿಕನ್ ಅಂದರೇನು?

ಕುಕ್ಕರ್: ಈ ಮನೆಯ ಸೊಸೆ ಮಾಡುವ ಕ್ರಮ ಹೇಳುತ್ತೇನೆ. ಚರ್ಮ, ಮೂಳೆ ಎರಡೂ ಇಲ್ಲದ ಎದೆ ಮಾಂಸ. ಅದರ ಮೇಲೆ ಒಂದು ಬಾಟಲಿ ಇಟಾಲಿಯನ್ ಸಲಾಡ್ ಡ್ರೆಸ್ಸಿಂಗ್. ಆಮೇಲೆ ಒಂದು ಗಟ್ಟಿ ಕ್ರೀಮ್ ಚೀಸ್. ಮುಚ್ಚಳ. ಕಾರಿನ ಕೀಲಿ.

ಪತ್ರಿಕೆ: ಇಷ್ಟೇನಾ? ಇದರಲ್ಲಿ ಇಟಲಿ ಎಲ್ಲಿ ಬಂತು?

ಕುಕ್ಕರ್: ನಾನೂ ಹುಡುಕುತ್ತಿದ್ದೇನೆ. ಒಂದೊಂದಾಗಿ ನೋಡೋಣ. ನಾನು ಇದೇ ಕಾನ್ಸಸ್ ಸಿಟಿಯ ಕಂಪನಿಯಿಂದ ಬಂದವನು. ಆ ಡ್ರೆಸ್ಸಿಂಗಿನಲ್ಲಿ ಬಹಳ ಹೆಸರಾದದ್ದು ವಿಷ್-ಬೋನ್. ಅದು ಎಲ್ಲಿಯದು ಗೊತ್ತೇ?

ಪತ್ರಿಕೆ: ರೋಮ್?

ಕುಕ್ಕರ್: ಕಾನ್ಸಸ್ ಸಿಟಿ! ಎರಡನೇ ಮಹಾಯುದ್ಧ ಮುಗಿಸಿ ಬಂದ ಫಿಲಿಪ್ ಸೊಲೊಮಿ 1945ರಲ್ಲಿ ಇಲ್ಲೊಂದು ಹೋಟೆಲು ತೆರೆದರು. ಕೋಳಿ ಊಟಕ್ಕೆ ಹೆಸರಾದ ಹೋಟೆಲು, ಅದಕ್ಕೇ ವಿಷ್-ಬೋನ್ ಅಂತ ಹೆಸರು. ಕೋಳಿಯ ಕತ್ತಿನ ಬುಡದಲ್ಲಿ ಕವಲಾಗಿರುವ ಮೂಳೆ ಇರುತ್ತದಲ್ಲ, ಇಬ್ಬರು ಎರಡು ಕಡೆಯಿಂದ ಎಳೆದು, ಉದ್ದದ ತುಂಡು ಸಿಕ್ಕವರ ಬಯಕೆ ಈಡೇರುತ್ತದೆ ಅನ್ನುತ್ತಾರೆ, ಅದೇ ವಿಷ್‌ಬೋನ್. 1948ರ ಹೊತ್ತಿಗೆ ತಾಯಿಯ ಕಡೆಯಿಂದ ಬಂದ ಸಿಸಿಲಿಯ ಡ್ರೆಸ್ಸಿಂಗನ್ನು ಗಿರಾಕಿಗಳಿಗೆ ಬಡಿಸತೊಡಗಿದರು. ಸೊಪ್ಪಿನ ಮೇಲೆ ಸುರಿದುಕೊಂಡವರು ಮನೆಗೂ ಬೇಕು ಅಂದರು, ಬಾಟಲಿಗೆ ತುಂಬಿಸಿದರು. ಮುಂದೆ ಟೀ ಮಾರುವ ಲಿಪ್ಟನ್ ಕಂಪನಿ ಅದನ್ನು ಕೊಂಡಿತು. ಅಲ್ಲಿಗೆ ಲೆಕ್ಕ ಹಾಕಿ: ಗಡಿಗೆಯೂ ಈ ಊರಿನದು, ಬಾಟಲಿಯೂ ಈ ಊರಿನದು. ಈ ಅಡುಗೆಯಲ್ಲಿ ಮೂಳೆ ಅನ್ನುವುದು ಉಳಿದಿರುವುದು ಬಾಟಲಿಯ ಚೀಟಿಯ ಮೇಲೆ ಮಾತ್ರ.

ಪತ್ರಿಕೆ: ಕ್ರೀಮ್ ಚೀಸ್?

ಕುಕ್ಕರ್: ಅದರ ಜಾತಕ ಇನ್ನೂ ಚೆನ್ನಾಗಿದೆ. ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿ ಫಿಲಡೆಲ್ಫಿಯಾ ಅಂತ ಹೆಸರು ಹೇಳಿಕೊಂಡು ಓಡಾಡುತ್ತದೆ. ಆ ಕಾಲಕ್ಕೆ ಹಾಲಿನ ಪದಾರ್ಥಕ್ಕೆ ಫಿಲಡೆಲ್ಫಿಯಾದ್ದು ಅಂದರೆ ಬೆಲೆ ಜಾಸ್ತಿ. ಇನ್ನು ಉಳಿದದ್ದು ಡ್ರೆಸ್ಸಿಂಗಿನೊಳಗಿನ ಒಣಗಿದ ಒರೆಗಾನೊ. ಅದು ಟರ್ಕಿಯಿಂದಲೋ ಮೆಕ್ಸಿಕೊದಿಂದಲೋ ಬಂದಿರುವ ಸಾಧ್ಯತೆಯೇ ಹೆಚ್ಚು. ನನ್ನೊಳಗೆ ಇಷ್ಟು ಜನ ಇದ್ದಾರೆ, ಪಾಸ್‌ಪೋರ್ಟ್ ಕೇಳಿದರೆ ಇಟಲಿಯವನು ಒಬ್ಬನೂ ಕೈ ಎತ್ತುವುದಿಲ್ಲ.

ಪತ್ರಿಕೆ: ಹಾಗಾದರೆ ಇಟಲಿಯವರು ಕೋಳಿ ತಿನ್ನುವುದೇ ಇಲ್ಲವೇ?

ಕುಕ್ಕರ್: ತಿನ್ನುತ್ತಾರೆ. ಪೊಲ್ಲೊ ಅಲ್ಲಾ ಕಾಚ್ಚಿಯತೋರಾ ಅಂತಾರೆ, ಬೇಟೆಗಾರನ ಶೈಲಿಯ ಕೋಳಿ. ಮೂಳೆ ಸಮೇತ ತುಂಡು ಮಾಡಿ, ಆಲಿವ್ ಎಣ್ಣೆಯಲ್ಲಿ ಕೆಂಪಗೆ ಹುರಿದು, ಈರುಳ್ಳಿ, ಬೆಳ್ಳುಳ್ಳಿ, ರೋಸ್ಮರಿ ಹಾಕಿ, ವೈನ್ ಸುರಿದು ಸಣ್ಣ ಉರಿಯಲ್ಲಿ ಬೇಯಿಸುವುದು. ಕೆಲವು ಕಡೆ ಟೊಮೆಟೊ ಹಾಕುತ್ತಾರೆ, ಕೆಲವು ಕಡೆ ಟೊಮೆಟೊ ಇಲ್ಲದೆ ವಿನೆಗರ್ ಹಾಕುತ್ತಾರೆ. ಯಾವುದು ಸರಿ ಅಂತ ಅವರಲ್ಲೇ ಜಗಳ. ಜಗಳ ಇದೆ ಅಂದರೆ ನಿಜವಾದ ಅಡುಗೆ ಅಂತ ಅರ್ಥ. ಬಾಟಲಿಗಾಗಿ ಯಾವ ಅತ್ತೆ ಸೊಸೆ ಜಗಳವಾಡಿದ್ದನ್ನು ನೋಡಿದ್ದೀರಿ?

ಪತ್ರಿಕೆ: ಟೊಮೆಟೊ ಆದರೂ ಇಟಲಿಯದೇ ತಾನೇ?

ಕುಕ್ಕರ್: ಅದು ನಮ್ಮ ಅಮೆರಿಕ ಖಂಡದ್ದು ಸ್ವಾಮಿ. ಹದಿನಾರನೇ ಶತಮಾನದಲ್ಲಿ ಹಡಗು ಹತ್ತಿ ಹೋಯಿತು. ಆದರೆ ಅವರು ಅದನ್ನು ಬಾಟಲಿಯಿಂದ ಸುರಿದು ನಾಳೆಯಿಂದ ನಮ್ಮದು ಅನ್ನಲಿಲ್ಲ. ತಲೆಮಾರುಗಳ ಕಾಲ ಅನುಮಾನದಿಂದ ನೋಡಿ, ಆಮೇಲೆ ಬಾಯಿಗಿಟ್ಟರು. ನಿಧಾನಕ್ಕೆ ನನ್ನ ಗೌರವ ಇದ್ದೇ ಇದೆ.

ಪತ್ರಿಕೆ: ನಿಧಾನ ಅಂದಿರಿ. ಸ್ಲೋ ಫುಡ್ ಚಳವಳಿ ಹುಟ್ಟಿದ್ದೇ ಇಟಲಿಯಲ್ಲಿ. ನಿಮಗೆ ಅಲ್ಲಿ ಸನ್ಮಾನ ಆಗಿರಬೇಕಲ್ಲ?

ಕುಕ್ಕರ್: (ಮುಚ್ಚಳ ಸಣ್ಣಗೆ ನಡುಗುತ್ತದೆ) ಗಾಯದ ಮೇಲೆ ಉಪ್ಪು ಹಾಕುತ್ತೀರಿ. 1986ರಲ್ಲಿ ರೋಮ್ ನಗರದ ನಡುಮಧ್ಯೆ ಮೆಕ್‌ಡೊನಾಲ್ಡ್ಸ್ ತೆರೆಯಿತು ಅಂತ ಕಾರ್ಲೊ ಪೆಟ್ರಿನಿ ಮತ್ತು ಗೆಳೆಯರು ಸಿಡಿದೆದ್ದರು. 1989ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಣಾಳಿಕೆಗೂ ಸಹಿ ಬಿತ್ತು. ಬಸವನಹುಳುವನ್ನು ಲಾಂಛನ ಮಾಡಿಕೊಂಡರು. ಹೆಸರಲ್ಲೇ ಸ್ಲೋ ಇಟ್ಟುಕೊಂಡ ನನಗೆ ಒಂದು ಕಾಗದವೂ ಇಲ್ಲ! ಅವರ ತೊಂದರೆ ಗೊತ್ತು. ನಾನು ನಿಧಾನ, ನನ್ನನ್ನು ಕೊಳ್ಳುವವರು ಅವಸರದವರು. ಹಾಗೆ ನೋಡಿದರೆ ಟಸ್ಕನಿಯಲ್ಲಿ ನನಗೊಬ್ಬ ಅಣ್ಣ ಇದ್ದ. ಕಿಯಾಂತಿ ವೈನಿನ ಖಾಲಿ ಬುರುಡೆ ಬಾಟಲಿಗೆ ಬಿಳಿ ಬೀನ್ಸ್, ನೀರು, ಆಲಿವ್ ಎಣ್ಣೆ, ಬೆಳ್ಳುಳ್ಳಿ, ಸೇಜ್ ಎಲೆ ತುಂಬಿ ರಾತ್ರಿ ಆರುತ್ತಿರುವ ಕೆಂಡದ ಪಕ್ಕ ಇಟ್ಟು ಮಲಗುತ್ತಿದ್ದರು. ಬೆಳಗಾದರೆ ಕಾಳು ಬೆಣ್ಣೆ. ವಿಲ್ನಾದ ಬೇಕರಿ, ಟಸ್ಕನಿಯ ಕೆಂಡ, ಎರಡೂ ಒಂದೇ ವಂಶ. ಇಟಲಿಯಲ್ಲೂ ಬಾಟಲಿ ಇತ್ತು ನೋಡಿ. ಅಲ್ಲಿ ಬಾಟಲಿಯೊಳಗೆ ಅಡುಗೆ ಮಾಡಿದರು, ಇಲ್ಲಿ ಬಾಟಲಿಯೇ ಅಡುಗೆ.

ಪತ್ರಿಕೆ: ನಿಮ್ಮಲ್ಲಿ ಲೋ, ಹೈ ಎಂಬ ಎರಡು ಗುಂಪುಗಳಿವೆ. ಏನು ವ್ಯತ್ಯಾಸ?

ಕುಕ್ಕರ್: ಪ್ರಚಾರದಲ್ಲಿ ಬಹಳ ವ್ಯತ್ಯಾಸ. ಬಹಳಷ್ಟು ಕುಕ್ಕರುಗಳಲ್ಲಿ ಎರಡೂ ಕೊನೆಗೆ ತಲುಪುವುದು ಕುದಿಯ ಹತ್ತಿರದ ಒಂದೇ ಬಿಸಿಗೆ. ಹೈ ಬೇಗ ತಲುಪುತ್ತದೆ, ಲೋ ತಡವಾಗಿ. ನಿಮ್ಮೂರಲ್ಲೂ ಎರಡು ಪಕ್ಷಕ್ಕೆ ವೋಟು ಹಾಕಿ ನೋಡಿದ್ದೀರಲ್ಲ, ನಾನು ಬಿಡಿಸಿ ಹೇಳಬೇಕಿಲ್ಲ.

ಪತ್ರಿಕೆ: ಭಾರತದ ಪ್ರೆಷರ್ ಕುಕ್ಕರಿನ ಬಗ್ಗೆ ಅಭಿಪ್ರಾಯ?

ಕುಕ್ಕರ್: ಕೂಗುವವರ ಬಗ್ಗೆ ನಾನು ಮಾತಾಡುವುದಿಲ್ಲ. ಆದರೆ ಈ ಮನೆಗೆ ಯಜಮಾನರ ತಾಯಿ ಏಪ್ರಿಲ್‌ನಲ್ಲಿ ಮಂಡ್ಯದಿಂದ ಬಂದರು. ಮೊದಲ ದಿನವೇ ನನ್ನ ಮುಂದೆ ನಿಂತು, “ಇದೇನವ್ವ ಇದು, ಕೂಗೋದೇ ಇಲ್ವಲ್ಲ! ಬೆಂದದೋ ಇಲ್ವೋ ಎಂಗ್ ಗೊತ್ತಾಯ್ತದೆ?” ಅಂದರು. ಅಲ್ಲಿಂದ ಅರ್ಧ ಗಂಟೆಗೊಮ್ಮೆ ಬಂದು ಮುಚ್ಚಳ ಎತ್ತಿ ಸೌಟು ಆಡಿಸುತ್ತಾರೆ. ಒಂದು ಸಲ ಎತ್ತಿದರೆ ಒಳಗಿನ ಹಬೆಯೆಲ್ಲ ಹೋಗಿ ಇಪ್ಪತ್ತು ನಿಮಿಷದ ಕೆಲಸ ಹಿಂದಕ್ಕೆ. ಒಂದು ದಿನವಂತೂ ಬೆಳಗ್ಗೆ ಹಾಕಿದ್ದು ರಾತ್ರಿಯಾದರೂ ಬೇಯಲಿಲ್ಲ. “ನಾನ್ ಯೋಳ್ನಿಲ್ವಾ?” ಅಂದರು.

ಪತ್ರಿಕೆ: 2018ರಲ್ಲಿ ನಿಮ್ಮ ಮೇಲೆ ಕೊಲೆ ಆರೋಪ ಬಂದಿತ್ತು…

ಕುಕ್ಕರ್: ಧಾರಾವಾಹಿಯಲ್ಲಿ! ‘ದಿಸ್ ಈಸ್ ಅಸ್’ ಅಂತ. ನೆರೆಯವರು ಕೊಟ್ಟ ಹಳೇ ಸ್ಲೋ ಕುಕ್ಕರಿನ ಗುಂಡಿ ಕೆಟ್ಟು ಮನೆಗೆ ಬೆಂಕಿ ಬಿತ್ತು, ನಾಯಕ ಸತ್ತ. ಅಮೆರಿಕದ ತುಂಬ ಜನ ಅತ್ತು, ನನ್ನ ಅಣ್ಣತಮ್ಮಂದಿರನ್ನು ಕಸಕ್ಕೆ ಹಾಕುತ್ತೇವೆ ಅಂದರು. ಕಂಪನಿಯವರು ಹೇಳಿಕೆ ಕೊಟ್ಟು ಸಮಾಧಾನ ಮಾಡಬೇಕಾಯಿತು. ಕತೆಗಾರ ಬರೆದ ಸಾವಿಗೆ ಗಡಿಗೆ ಸ್ಪಷ್ಟೀಕರಣ ಕೊಟ್ಟದ್ದು ಅದೇ ಮೊದಲಿರಬೇಕು. ನಾನು ನಿಜವಾಗಿ ಮಾಡುವ ಅಪಾಯದ ಬಗ್ಗೆ ಯಾರೂ ಧಾರಾವಾಹಿ ತೆಗೆಯುವುದಿಲ್ಲ.

ಪತ್ರಿಕೆ: ಅದೇನದು?

ಕುಕ್ಕರ್: ಫ್ರೀಜರಿನಿಂದ ಕಲ್ಲಿನಂಥ ಕೋಳಿ ತೆಗೆದು ಹಾಗೇ ನನ್ನೊಳಗೆ ಹಾಕುತ್ತಾರೆ. ನಾನು ಬಿಸಿಯಾಗುವುದೇ ನಿಧಾನ. 4ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ರೋಗಾಣುಗಳಿಗೆ ಹಬ್ಬ, ಆ ಹಬ್ಬವನ್ನು ನಾನೇ ಮುಂದೆ ನಿಂತು ಗಂಟೆಗಟ್ಟಲೆ ನಡೆಸಿಕೊಟ್ಟಂತೆ ಆಗುತ್ತದೆ. ಮಂಜು ಪೂರ್ತಿ ಬಿಟ್ಟಮೇಲೆ ಹಾಕಬೇಕು. ಮಾಂಸದ ನಡುಭಾಗ 74 ಡಿಗ್ರಿ ಮುಟ್ಟಬೇಕು. ರಾಜ್ಮಾ ಆದರೆ ಇನ್ನೂ ಹುಷಾರು. ಮೊದಲು ಒಲೆಯ ಮೇಲೆ ಚೆನ್ನಾಗಿ ಕುದಿಸಿಕೊಳ್ಳದಿದ್ದರೆ ಅದರಲ್ಲಿರುವ ವಿಷ ನನ್ನ ಮೆತ್ತನೆ ಕಾವಿಗೆ ಸಾಯುವುದಿಲ್ಲ.

ಪತ್ರಿಕೆ: ರುಚಿಯ ಬಗ್ಗೆಯೂ ದೂರುಗಳಿವೆ. ಎಲ್ಲವೂ ಒಂದೇ ಥರ ಸಪ್ಪೆ, ನೀರು ನೀರು ಅಂತಾರೆ.

ಕುಕ್ಕರ್: ದೂರು ನಿಜ, ಆರೋಪಿ ಬೇರೆ. ಮಾಂಸ ಕೆಂಪಗಾಗಿ ಘಮ್ಮೆನ್ನಬೇಕಾದರೆ ಅದರ ಮೈ 140 ಡಿಗ್ರಿ ದಾಟಬೇಕು. ಒದ್ದೆ ಗಡಿಗೆಯಲ್ಲಿ 100 ದಾಟುವುದಿಲ್ಲ. ಆ ಬಣ್ಣ ನನ್ನಿಂದ ಸಾಧ್ಯವಿಲ್ಲ, ಬಾಣಲೆಯಲ್ಲಿ ಮೊದಲೇ ಹುರಿದುಕೊಳ್ಳಬೇಕು. ನನ್ನಲ್ಲಿ ನೀರು ಆವಿಯಾಗಿ ಹೋಗುವುದೂ ಕಡಿಮೆ, ಕೋಳಿಯೇ ನೀರು ಬಿಡುತ್ತದೆ. ಅದರ ಮೇಲೆ ಇವರು ಬಾಟಲಿ ಬೇರೆ ಖಾಲಿ ಮಾಡಿದರೆ ನಾನೇನು ಮಾಡಲಿ? ಎದೆ ಮಾಂಸಕ್ಕೆ ನನ್ನ ಸಹವಾಸವೇ ಕೂಡದು, ಬೇಗ ನಾರುನಾರಾಗುತ್ತದೆ. ತೊಡೆ ತನ್ನಿ. ಅದರಲ್ಲಿರುವ ಕೊಲಾಜೆನ್ ನಿಧಾನವಾಗಿ ಕರಗಿ ಜಿಲೆಟಿನ್ ಆಗುತ್ತದೆ, ಸಾರಿಗೆ ಮೈ ಬರುತ್ತದೆ. ಅದು ನನಗೆ ಗೊತ್ತಿರುವ ಒಂದೇ ವಿದ್ಯೆ, ಅದನ್ನು ತೋರಿಸಲು ಬಿಟ್ಟವರು ಕಡಿಮೆ. ಹಾಲಿನ ಪದಾರ್ಥ, ಹಸಿ ಬೇಸಿಲ್ ಎಲೆ, ಎರಡೂ ಕೊನೆಗೆ.

ಪತ್ರಿಕೆ: ಯಾರಾದರೂ ಬಿಟ್ಟಿದ್ದಾರೆಯೇ?

ಕುಕ್ಕರ್: ಬಿಟ್ಟಿದ್ದಾರೆ. ಮಂಡ್ಯದ ಅಮ್ಮನವರೇ. ಒಂದು ಭಾನುವಾರ ಮಗ ಸೊಸೆ ಎಲ್ಲೋ ಹೋಗಿದ್ದರು. ಮನೆಯಲ್ಲಿ ತೆಂಗಿನಕಾಯಿ ಇಲ್ಲ, ಗಸಗಸೆ ಇಲ್ಲ, ಖಾರದ ಪುಡಿ ಡಬ್ಬಿ ಸಿಗಲಿಲ್ಲ. ಫ್ರಿಜ್ಜಿನಲ್ಲಿದ್ದ ಮೂಳೆ ಸಮೇತದ ತೊಡೆ ತುಂಡುಗಳನ್ನು ಬಾಣಲೆಯಲ್ಲಿ ಕೆಂಪಗೆ ಹುರಿದರು. ಈರುಳ್ಳಿ, ಒಂದು ಹಿಡಿ ಬೆಳ್ಳುಳ್ಳಿ, ಟೊಮೆಟೊ, ಕಾಳುಮೆಣಸು. ಕಿಟಕಿಯ ಕುಂಡದಲ್ಲಿದ್ದ ರೋಸ್ಮರಿ ಎಲೆ ಕಿವುಚಿ ಮೂಸಿ, “ವಾಸ್ನೆ ಚೆನ್ನಾಗದೆ” ಅಂತ ಅದನ್ನೂ ಹಾಕಿದರು. ಹುಳಿ ಸಾಲದು ಅಂತ ಎರಡು ಚಮಚ ವಿನೆಗರ್. ಎಲ್ಲವನ್ನೂ ನನಗೆ ಸುರಿದು, ಟಿವಿಯಲ್ಲಿ ಕನ್ನಡ ಧಾರಾವಾಹಿ ಹಚ್ಚಿ ಕೂತರು. ಆರು ಗಂಟೆ ಮುಚ್ಚಳ ಎತ್ತಲಿಲ್ಲ.

ಪತ್ರಿಕೆ: ಅಂದರೆ ಅದು ಕಾಚ್ಚಿಯತೋರಾ!

ಕುಕ್ಕರ್: ಇನ್ನೂ ಕೇಳಿ. ಬಡಿಸುವಾಗ ಪಕ್ಕಕ್ಕೆ ರಾಗಿ ಮುದ್ದೆ ಕಟ್ಟಿದರು. ಇಟಲಿಯ ಉತ್ತರದ ಕಡೆ ಇದೇ ಕೋಳಿಯನ್ನು ಪೊಲೆಂಟಾ ಜೊತೆ ಉಣ್ಣುತ್ತಾರೆ. ಮೆಕ್ಕೆಜೋಳದ ಹಿಟ್ಟನ್ನು ಕುದಿವ ನೀರಿಗೆ ಹಾಕಿ, ಕೈ ಸೋಲುವವರೆಗೆ ಕೋಲಲ್ಲಿ ತಿರುವಿ ಮಾಡುವುದು. ಹಿಟ್ಟು ಬೇರೆ, ಮಿಕ್ಕಂತೆ ಮುದ್ದೆಯೇ. ಇಟಲಿ ಎಲ್ಲಿದೆ ಅಂತಲೂ ಕೇಳದೆ ಅಲ್ಲಿಗೆ ಹೋಗಿ ಬಂದವರು ಈ ಮನೆಯಲ್ಲಿ ಅವರೊಬ್ಬರೇ.

ಪತ್ರಿಕೆ: ಮಗ ಸೊಸೆ ಏನಂದರು?

ಕುಕ್ಕರ್: ಸೊಸೆ ಎರಡು ಸಲ ಹಾಕಿಸಿಕೊಂಡರು. ಮಗ, “ಅಮ್ಮ, ಕೋಳಿ ಸಾರು ಸೂಪರ್, ಮುಂದಿನ ವಾರ ಇಟಾಲಿಯನ್ ಮಾಡೋಣ” ಅಂದರು.

ಪತ್ರಿಕೆ: ಅಮ್ಮನವರು ಎಷ್ಟು ದಿನ ಇರುತ್ತಾರೆ?

ಕುಕ್ಕರ್: ಅಕ್ಟೋಬರ್‌ವರೆಗೆ ವೀಸಾ ಇದೆ. ಆಮೇಲೆ ಮತ್ತೆ ಬಾಟಲಿ.