ಊರು ಬಿಡದವನಿಗೊಂದು ವಿಮಾನ ನಿಲ್ದಾಣ

ಪಕ್ಕದ ಮನೆಯ ಹುಂಜ ಕೂಗುತ್ತದೆಂದು ಮನೆಯನ್ನೇ ಬದಲಾಯಿಸಿದ ಮಹಾನುಭಾವ ಇಮ್ಯಾನುಯೆಲ್ ಕಾಂಟ್. ಹುಂಜವನ್ನು ಕೊಂಡುಕೊಳ್ಳುತ್ತೇನೆ, ಎಷ್ಟು ಬೇಕೋ ಕೇಳು ಅಂದರೂ ಅದರ ಯಜಮಾನ ಒಪ್ಪಲಿಲ್ಲವಂತೆ. ಹುಂಜದಿಂದ ತತ್ವಜ್ಞಾನಿಗೇನು ತೊಂದರೆ ಎಂಬುದೇ ಅವನಿಗೆ ತಿಳಿಯಲಿಲ್ಲ. ಇಂಥ ಕಾಂಟ್‌ನ ಹೆಸರನ್ನು ವಿಮಾನ ನಿಲ್ದಾಣಕ್ಕೆ ಇಡೋಣ ಎಂದು 2018ರಲ್ಲಿ ಅವನ ಊರಿನವರು ಮತ ಹಾಕತೊಡಗಿದರು. ಎಂಬತ್ತು ತುಂಬಲು ಎರಡು ತಿಂಗಳ ಚಿಲ್ಲರೆ ಬಾಕಿ ಇರುವಾಗ ಸತ್ತವನು ಬದುಕಿನುದ್ದಕ್ಕೂ ಆ ಸೀಮೆ ದಾಟಿದವನಲ್ಲ. ಗದ್ದಲವೂ ಆಗದು, ಪ್ರಯಾಣವೂ ಆಗದು. ವಿಮಾನ ನಿಲ್ದಾಣಕ್ಕೆ ಇದಕ್ಕಿಂತ ತಕ್ಕ ಹೆಸರು ಎಲ್ಲಿ ಸಿಕ್ಕೀತು?

‘ಅವನ ಊರು’ ಅಂದೆನಲ್ಲ, ಎಡವಟ್ಟು ಅಲ್ಲೇ ಇದೆ. 1724ರಲ್ಲಿ ಕಾಂಟ್ ಹುಟ್ಟಿದ್ದು ಪ್ರಶ್ಯದ ಕ್ಯೋನಿಗ್ಸ್‌ಬರ್ಗ್‌ನಲ್ಲಿ. ಈಗ ಅವನ ಸಮಾಧಿ ಇರುವುದು ರಷ್ಯದ ಕಲಿನಿನ್‌ಗ್ರಾಡ್‌ನಲ್ಲಿ. ಹಾಗಂತ ಹೆಣವನ್ನು ಯಾರೂ ಬೇರೆ ಊರಿಗೆ ಸಾಗಿಸಿಲ್ಲ. ಅವನು ಊರು ಬಿಡಲಿಲ್ಲ, ಊರೇ ಅವನನ್ನು ಬಿಟ್ಟು ಹೋಯಿತು. 1944ರ ಆಗಸ್ಟಿನಲ್ಲಿ ಬ್ರಿಟಿಷ್ ಬಾಂಬುಗಳು ಹಳೆಯ ಪೇಟೆಯನ್ನು ಸುಟ್ಟವು, 1945ರ ಏಪ್ರಿಲ್‌ನಲ್ಲಿ ಕೆಂಪು ಸೇನೆ ಬಂತು, ಆಮೇಲೆ ಅಳಿದುಳಿದ ಜರ್ಮನರನ್ನೂ ಹೊರದಬ್ಬಿದರು. ಏಳು ಸೇತುವೆಗಳನ್ನೂ ಒಂದೊಂದೇ ಸಲ ದಾಟಿ ಊರು ಸುತ್ತುವುದು ಅಸಾಧ್ಯ ಎಂದು ಗಣಿತಜ್ಞ ಆಯ್ಲರ್ ಹದಿನೆಂಟನೆಯ ಶತಮಾನದಲ್ಲೇ ಸಾಧಿಸಿದ್ದ ಊರು ಅದು. ಬಾಂಬುಗಳು ಎರಡು ಸೇತುವೆಯನ್ನು ಉರುಳಿಸಿ, ಉಳಿದ ಐದನ್ನು ಹಾಗೆ ದಾಟುವಂತೆ ಮಾಡಿಕೊಟ್ಟವು. ಗಣಿತಕ್ಕೆ ಇಂಥ ಸೇವೆ ಬೇರಾವ ವಾಯುಪಡೆಯೂ ಮಾಡಿರಲಾರದು.

ಈ ಊರಿಗೆ 1946ರಲ್ಲಿ ಕಲಿನಿನ್ ಎಂಬ ಗಣ್ಯರ ಹೆಸರು ಬಂತು. ಅರ್ಹತೆ ಏನೆಂದರೆ ಅವರು ಹಿಂದಿನ ತಿಂಗಳಷ್ಟೇ ತೀರಿಕೊಂಡಿದ್ದರು. ಹೆಸರಿಗೆ ಸೋವಿಯತ್ ರಾಷ್ಟ್ರದ ಮುಖ್ಯಸ್ಥರಾಗಿದ್ದ ಕಾಲದಲ್ಲೇ ಅವರ ಹೆಂಡತಿ ಸ್ತಾಲಿನ್‌ನ ಸೆರೆಶಿಬಿರದಲ್ಲಿದ್ದರು. ಮನೆಯವಳನ್ನು ಬಿಡಿಸಲಾಗದವರ ಹೆಸರಿಗೆ ಇಡೀ ಊರು ಸಂದಾಯವಾಯಿತು.

ಊರಿನ ನಿಜವಾದ ಗಣ್ಯರು ಮೊದಲೇ ಜಾಣರಾಗಿ ಊರು ಬಿಟ್ಟಿದ್ದರು. ಗಣಿತಜ್ಞ ಗೋಲ್ಡ್‌ಬಾಖ್ ರಷ್ಯಕ್ಕೆ, ಕಥೆಗಾರ ಹಾಫ್‌ಮನ್ ಮತ್ತು ಕಲಾವಿದೆ ಕೇಟೆ ಕೋಲ್ವಿಟ್ಸ್ ಬರ್ಲಿನ್‌ಗೆ, ಈ ಊರಲ್ಲೇ ಬೆಳೆದ ಚಿಂತಕಿ ಹನ್ನಾ ಅರೆಂಟ್ ಕೊನೆಗೆ ಅಮೆರಿಕಕ್ಕೆ. ಗ್ಯೋಟಿಂಗನ್ ಸೇರಿದ್ದ ಗಣಿತಜ್ಞ ಹಿಲ್ಬರ್ಟ್ 1930ರ ಸೆಪ್ಟೆಂಬರಿನಲ್ಲಿ ಹುಟ್ಟೂರ ಸೀಮೆಗೆ ಮರಳಿ, ಗಣಿತದಲ್ಲಿ ತಿಳಿಯಲಾಗದ್ದು ಏನೂ ಇಲ್ಲ ಎಂದು ಭಾಷಣ ಬಿಗಿದರು. ಅದಾಗದ ಮಾತು ಎಂಬುದನ್ನು ಗ್ಯೋಡೆಲ್ ಎಂಬ ಹುಡುಗ ಹಿಂದಿನ ದಿನವೇ, ಅದೇ ಊರಿನಲ್ಲಿ, ಮೆಲ್ಲಗೆ ಹೇಳಿ ಮುಗಿಸಿದ್ದ. ಊರಿನ ಮರ್ಯಾದೆಗೆ ಹಿಲ್ಬರ್ಟರ ಮಾತೇ ಸಾಕಾಯಿತು.

ಹೀಗೆ ಕೈಗೆ ಸಿಕ್ಕವನು ಕಾಂಟ್ ಒಬ್ಬನೇ. 2005ರಲ್ಲಿ ವಿಶ್ವವಿದ್ಯಾಲಯಕ್ಕೆ ಅವನ ಹೆಸರಿಟ್ಟರು. ಯಾರದೋ ದುಡ್ಡು, ಯಲ್ಲಮ್ಮನ ಜಾತ್ರೆ. ವಿಮಾನ ನಿಲ್ದಾಣದ ಮತದಾನದಲ್ಲೂ ಅವನೇ ಮುಂದಿದ್ದ. ಆಗ ಬಾಲ್ಟಿಕ್ ನೌಕಾಪಡೆಯ ವೈಸ್ ಅಡ್ಮಿರಲ್ ಒಬ್ಬರು ನಾವಿಕರನ್ನು ಸಾಲಾಗಿ ನಿಲ್ಲಿಸಿ ತತ್ವಶಾಸ್ತ್ರದ ಪಾಠ ಮಾಡಿದರು. ಕಾಂಟ್ ತಾಯ್ನಾಡಿಗೆ ದ್ರೋಹ ಬಗೆದವನು, ಪ್ರಾಧ್ಯಾಪಕನ ಕುರ್ಚಿಗಾಗಿ ಮಂಡಿಯೂರಿ ಬೇಡಿದವನು, ಅವನು ಬರೆದ ಅರ್ಥವಾಗದ ಪುಸ್ತಕಗಳನ್ನು ಇಲ್ಲಿ ನಿಂತವರಾರೂ ಓದಿಲ್ಲ, ಓದುವುದೂ ಇಲ್ಲ ಎಂಬುದು ಪಾಠದ ಸಾರ. ಕೊನೆಯ ಮಾತಿಗೆ ಆಧಾರ ಬೇಕಿಲ್ಲ, ಅದು ಸ್ವಾನುಭವ.

ದ್ರೋಹಿ ಸರಿ, ಯಾವ ನಾಡಿಗೆ? 1758ರಲ್ಲಿ ರಷ್ಯದ ಸೇನೆ ಕ್ಯೋನಿಗ್ಸ್‌ಬರ್ಗ್ ಹಿಡಿದಾಗ ಕಾಂಟ್ ಬಡ ಉಪನ್ಯಾಸಕ. ಪ್ರಾಧ್ಯಾಪಕ ಹುದ್ದೆಯೊಂದು ಖಾಲಿಯಾಯಿತು. ಊರು ಯಾರ ಕೈಲಿದೆಯೋ ಅವರಿಗೇ ಅರ್ಜಿ ಹಾಕಬೇಕಲ್ಲ, ರಷ್ಯದ ಸಾಮ್ರಾಜ್ಞಿ ಎಲಿಜಬೆತ್‌ಗೆ ವಿನಯದ ಕಾಗದ ಬರೆದ. ಕೆಲಸ ಬೇರೊಬ್ಬನ ಪಾಲಾಯಿತು. ಅಂದರೆ ಕಾಂಟ್ ಮಾಡಿದ ದ್ರೋಹ, ಪ್ರಶ್ಯದವನಾಗಿ ರಷ್ಯದ ರಾಣಿಗೆ ತಲೆಬಾಗಿದ್ದು. ಅದಕ್ಕೆ ಸಿಟ್ಟಾಗಬೇಕಿದ್ದವನು ಪ್ರಶ್ಯದ ದೊರೆ ಫ್ರೆಡರಿಕ್. ಅವನೇ 1770ರಲ್ಲಿ ಕಾಂಟ್‌ನನ್ನು ಪ್ರಾಧ್ಯಾಪಕನಾಗಿ ನೇಮಿಸಿದ. ದೊರೆ ಮರೆತ ಅವಮಾನವನ್ನು ಶತ್ರುಪಕ್ಷದ ಅಡ್ಮಿರಲ್ ಅಷ್ಟು ವರ್ಷ ಕಾಪಿಟ್ಟುಕೊಂಡಿದ್ದರು.

ಅಷ್ಟರಲ್ಲಿ ಯಾರೋ ಕಾಂಟ್‌ನ ಪ್ರತಿಮೆಗೆ ಬಣ್ಣ ಎರಚಿದರು. ಮತ ಎಣಿಸಿದಾಗ ಗೆದ್ದದ್ದು ಯಾರು? ಸಾಕ್ಷಾತ್ ಎಲಿಜಬೆತ್! ಅದಕ್ಕೆ 260 ವರ್ಷ ಹಿಂದೆ ಆಕೆಯಿಂದ ಮೇಷ್ಟ್ರ ಕುರ್ಚಿ ಸಿಗಲಿಲ್ಲ, ಈ ಸಲ ಆಕೆಯಿಂದಲೇ ವಿಮಾನ ನಿಲ್ದಾಣವೂ ಕೈತಪ್ಪಿತು. ಕಾಗದ ಬರೆದವನು ದ್ರೋಹಿ, ಕಾಗದ ಯಾರಿಗೆ ಹೋಯಿತೋ ಆಕೆ ದೇಶದ ಹೆಮ್ಮೆ.

ಅಲ್ಲಿಗೂ ಬಿಡಲಿಲ್ಲ. 2024 ಅವನ ಮುನ್ನೂರನೆಯ ಹುಟ್ಟುಹಬ್ಬದ ವರ್ಷ. ಜನವರಿಯಲ್ಲಿ ಪುಟಿನ್ ಅದೇ ಊರಿಗೆ ಬಂದು, ಕಾಂಟ್ ಹೇಳಿದಂತೆ ಸ್ವಂತ ಬುದ್ಧಿಯಿಂದ ಬದುಕಬೇಕು ಎಂದು ವಿದ್ಯಾರ್ಥಿಗಳಿಗೆ ಬೋಧಿಸಿದರು. ಫೆಬ್ರವರಿಯಲ್ಲಿ ಆ ಪ್ರಾಂತ್ಯದ ಗವರ್ನರ್ ಸ್ವಂತ ಬುದ್ಧಿಯನ್ನೇ ಬಳಸಿ, ಉಕ್ರೇನ್ ಯುದ್ಧಕ್ಕೂ ಕಾಂಟ್‌ಗೂ ಹೆಚ್ಚುಕಡಿಮೆ ನೇರ ಸಂಬಂಧವಿದೆ ಎಂದು ಕಂಡುಹಿಡಿದರು. ಏಪ್ರಿಲ್‌ನಲ್ಲಿ ಜರ್ಮನಿಯ ಆಗಿನ ಚಾನ್ಸಲರ್ ಶೋಲ್ಸ್, ಕಾಂಟ್ ಹೆಸರೆತ್ತಲು ಪುಟಿನ್‌ಗೆ ಹಕ್ಕಿಲ್ಲ ಅಂದರು. ‘ಶಾಶ್ವತ ಶಾಂತಿ’ಯ ಬಗ್ಗೆ ಪ್ರಬಂಧ ಬರೆದವನ ಹೆಸರಿನಲ್ಲಿ ಇಷ್ಟಾದರೂ ಜಗಳ ಬೇಡವೇ?

ಓದುವವರೇ ಇಲ್ಲ ಎಂಬ ಅಡ್ಮಿರಲ್ ಮಾತನ್ನು ಮಾತ್ರ ಒಪ್ಪಲಾಗದು. 2013ರಲ್ಲಿ ರಷ್ಯದ ರೊಸ್ತೊವ್‌ನಲ್ಲಿ ಬಿಯರ್ ಕೊಳ್ಳಲು ಸಾಲಿನಲ್ಲಿ ನಿಂತಿದ್ದ ಇಬ್ಬರಿಗೆ ಕಾಂಟ್ ವಿಚಾರವಾಗಿಯೇ ವಾದ ಹುಟ್ಟಿ, ಒಬ್ಬ ಇನ್ನೊಬ್ಬನಿಗೆ ರಬ್ಬರ್ ಗುಂಡು ಹಾರಿಸಿದ. ಪುಣ್ಯಕ್ಕೆ ಜೀವ ಉಳಿಯಿತು.

ಈಗ ಕಲಿನಿನ್ ಹೆಸರಿನ ಊರಿನ ಎಲಿಜಬೆತ್ ಹೆಸರಿನ ನಿಲ್ದಾಣದಲ್ಲಿ ಇಳಿದವರು ನೇರ ಹೋಗುವುದು ಕಾಂಟ್ ಸಮಾಧಿಗೆ. ಆ ಊರಲ್ಲಿ ಮದುವೆಯಾದ ಹೊಸ ಜೋಡಿಗಳು ಅಲ್ಲಿಗೆ ಬಂದು ಹೂಗುಚ್ಛ ಇಟ್ಟು ಫೋಟೊ ತೆಗೆಸಿಕೊಳ್ಳುವುದು ವಾಡಿಕೆ. ಒಳಗೆ ಮಲಗಿರುವವನು ಆಜನ್ಮ ಬ್ರಹ್ಮಚಾರಿ.