89 ಅಂಕದ ಗೆಲುವು, ಒಂದು ಮುಡಿ ಹರಕೆ

ಮೆಲ್ಬರ್ನಿನಲ್ಲಿ ಹೊಸದಾಗಿ ಮನೆ ಹಿಡಿದವರನ್ನು ಅಕ್ಕಪಕ್ಕದವರು ಮೊದಲು ಕೇಳುವುದು ಹೆಸರನ್ನಲ್ಲ, ಕೆಲಸವನ್ನೂ ಅಲ್ಲ. "ನಿಮ್ಮದು ಯಾವ ಟೀಮು?" ಎಂದು ಕೇಳುತ್ತಾರೆ. ನಮ್ಮ ಕಡೆ ಬಾಡಿಗೆಗೆ ಬಂದವರನ್ನು "ನೀವು ಯಾವ ಜನ?" ಎಂದು ವಿಚಾರಿಸುತ್ತಾರಲ್ಲ, ಅದೇ ಧಾಟಿ. ಉತ್ತರ ಸಿಗುವವರೆಗೆ ಮಾತು ಮುಂದೆ ಹೋಗುವುದಿಲ್ಲ.

ಟೀಮು ಎಂದರೆ ಕ್ರಿಕೆಟ್ಟಿನದಲ್ಲ, ನಾವು ಬಲ್ಲ ಫುಟ್‌ಬಾಲಿನದೂ ಅಲ್ಲ. ಇಲ್ಲಿಯವರು ಮುದ್ದಿನಿಂದ 'ಫುಟಿ' ಎನ್ನುವ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. 1859ರಲ್ಲಿ ಇದೇ ಊರಿನಲ್ಲಿ ಕೂತು ನಿಯಮ ಬರೆದುಕೊಂಡ ಆಟ. ಮೊಟ್ಟೆಯಾಕಾರದ ಮೈದಾನ, ಮೊಟ್ಟೆಯಾಕಾರದ ಚೆಂಡು, ಒಂದೊಂದು ಕಡೆಗೆ ಹದಿನೆಂಟು ಮಂದಿ. ಒದೆಯಬಹುದು, ಹಿಡಿಯಬಹುದು, ಮುಷ್ಟಿಯಿಂದ ಗುದ್ದಬಹುದು, ಎಸೆಯುವಂತಿಲ್ಲ. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಗೋಲು, ಆರು ಅಂಕ. ಪಕ್ಕದ ಸಂದಿಯಲ್ಲಿ ಹೋದರೆ ಒಂದು ಅಂಕ.

ನಮ್ಮ ಮನೆಯಲ್ಲಿ ಟೀಮು ಆರಿಸುವುದು ಸುಲಭವಿರಲಿಲ್ಲ, ಏಕೆಂದರೆ ನಮ್ಮದು ಮೂರು ತಾಲ್ಲೂಕುಗಳ ಸಂಸಾರ. ಯಜಮಾನರು ಕೊಳ್ಳೇಗಾಲದವರು. ನಾನು ಯಳಂದೂರಿನವಳು. ಯಜಮಾನರ ಅಕ್ಕನ ಗಂಡ ಹನೂರಿನವರು. ನನಗೆ ಅಣ್ಣನ ಲೆಕ್ಕ, ನಾಲ್ಕು ಬೀದಿ ಆಚೆ ಅವರ ಮನೆ. ಮೂವರೂ ಸೇರಿದರೆ ತಾಲ್ಲೂಕು ಪಂಚಾಯ್ತಿ ಸಭೆ ಸೇರಿದಂತೆಯೇ. ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಕೊಟ್ಟ ಸೀಮೆಯವಳು ನಾನು ಎಂದು ಜಂಬ ಕೊಚ್ಚುತ್ತೇನೆ. "1956ರವರೆಗೆ ನಿಮ್ಮೂರು ಮದ್ರಾಸಿನ ಕೊಯಮತ್ತೂರು ಜಿಲ್ಲೆಯಲ್ಲಿತ್ತು, ನೀವು ಆಮೇಲೆ ನಮ್ಮ ಟೀಮಿಗೆ ಬಂದವರು" ಎಂದು ಯಜಮಾನರನ್ನು ಕೆಣಕುತ್ತೇನೆ. ಕೊಳ್ಳೇಗಾಲದಿಂದ ಬೇರೆಯಾಗಿ ಸ್ವಂತ ತಾಲ್ಲೂಕಾದ ಮೇಲೆ ಹನೂರಣ್ಣನಂತೂ ಯಾರ ಮಾತನ್ನೂ ಕೇಳುವುದಿಲ್ಲ.

ಈ ಸಭೆಯಲ್ಲಿ ಒಮ್ಮತ ತಂದವರು ಕೊಳ್ಳೇಗಾಲದಲ್ಲಿ ಕೂತಿದ್ದ ನಮ್ಮತ್ತೆ. ಮಗ ಶಾಲೆಯ ಗೆಳೆಯರ ಜೊತೆ ಸೇರಿ ರಿಚ್‌ಮಂಡ್ ಟೀಮಿನ ಮಫ್ಲರ್ ಕೊಂಡು ತಂದಿದ್ದ. ವಿಡಿಯೋ ಕಾಲ್‌ನಲ್ಲಿ ಅದನ್ನು ನೋಡಿದ ಅತ್ತೆ, "ಅದೇನ್ ಮಗ, ಹುಲಿ ಮೊಕ?" ಎಂದರು. ಹೌದಜ್ಜಿ, ನಮ್ಮ ಟೀಮಿನ ಹೆಸರೇ ಟೈಗರ್ಸ್ ಎಂದ ಮಗ.

"ಹುಲಿಯಾ! ಇನ್ನೇನ್ ಕೇಳೀಯೆ! ನಮ್ಮ ಮಾದಪ್ಪನ್ನ ಹೊತ್ಕಂಡು ಎಪ್ಪತ್ತೇಳು ಮಲೆ ತಿರುಗಿದ್ದು ಅದೇ ಕನ. ಬ್ಯಾರೆ ಯಾವ್ದೂ ನೋಡ್ಬ್ಯಾಡಿ."

ಟೀಮಿನ ಬಣ್ಣ ಹಳದಿ ಮತ್ತು ಕಪ್ಪು ಎಂದು ತಿಳಿದ ಮೇಲಂತೂ ಅವರಿಗೆ ಎಳ್ಳಷ್ಟೂ ಅನುಮಾನ ಉಳಿಯಲಿಲ್ಲ. "ಅರಿಶಿನ ಶುಭಕ್ಕೆ, ಕಪ್ಪು ದೃಷ್ಟಿಗೆ. ಟೀಮು ಕಟ್ಟಿದೋರು ತಿಳ್ದೋರು." ನನಗೂ ಅಡ್ಡಿಯಿರಲಿಲ್ಲ. ನಮ್ಮ ಬಿಳಿಗಿರಿರಂಗನ ಬೆಟ್ಟವೂ ಹುಲಿ ಸಂರಕ್ಷಿತ ಪ್ರದೇಶವೇ. ಹನೂರಣ್ಣನ ತಾಲ್ಲೂಕಿನಲ್ಲೇ ಮಾದಪ್ಪನ ಬೆಟ್ಟ ಇರುವುದರಿಂದ ಅವರು ಟೀಮಿನ ಮಾಲೀಕರೇ ತಾವು ಎಂಬಂತೆ ಒಪ್ಪಿದರು.

ನಾವು ಕೂಡಿಕೊಂಡ ಗಳಿಗೆ ಒಳ್ಳೆಯದಿತ್ತು. 1980ರ ನಂತರ ಒಮ್ಮೆಯೂ ಕಪ್ ಕಾಣದ ರಿಚ್‌ಮಂಡ್, 2017ರ ಸೆಪ್ಟೆಂಬರ್ 30ರಂದು ಅಡಿಲೇಡ್ ಕ್ರೋಸ್ ಟೀಮನ್ನು 48 ಅಂಕಗಳಿಂದ ಮಣಿಸಿತು. ಅಂದು ವಿಜಯದಶಮಿ. ಮೈಸೂರಿನಲ್ಲಿ ಅಂಬಾರಿ ಹೊರುವ ಹೊತ್ತಿಗೆ ಇಲ್ಲಿ ಹುಲಿ ಗೆದ್ದಾಗಿತ್ತು. ಫೋನಿನಲ್ಲಿ ಸುದ್ದಿ ಕೇಳಿದ ಅತ್ತೆ, "ನಾನ್ ಅಲ್ಲಿಲ್ದೇನೇ ಇಷ್ಟು. ನಾನಿದ್ದಿದ್ರೆ?" ಎಂದರು. 2019ರಲ್ಲಿ ಅವರು ಇಲ್ಲೇ ಇದ್ದರು.

ಆ ವರ್ಷದ ಗ್ರ್ಯಾಂಡ್ ಫೈನಲ್ ಸೆಪ್ಟೆಂಬರ್ 28, ಶನಿವಾರ. ಪಂಚಾಂಗ ನೋಡಿದರೆ ಮಹಾಲಯ ಅಮಾವಾಸ್ಯೆ. ಮಾದಪ್ಪನ ಬೆಟ್ಟದಲ್ಲಿ ಜಾತ್ರೆ, ನಮ್ಮ ಮನೆಯಲ್ಲಿ ಮಾವನವರಿಗೆ ಎಡೆ. ಎರಡೂವರೆಗೆ ಆಟ ಶುರು. ಅಷ್ಟರೊಳಗೆ ಕಜ್ಜಾಯ, ವಡೆ, ಪಾಯಸ ಮುಗಿದು, ಎಡೆ ಇಟ್ಟು, ಕಾಗೆಗೆ ಹಾಕಿ, ಎಲ್ಲರ ಊಟವಾಗಬೇಕು. ನಾನು ಬೆಳಗ್ಗೆ ಐದಕ್ಕೇ ಒಲೆ ಹಚ್ಚಿದೆ. ಎದುರಾಳಿ ಗ್ರೇಟರ್ ವೆಸ್ಟರ್ನ್ ಸಿಡ್ನಿ ಜೈಂಟ್ಸ್‌ನವರೂ ಅಷ್ಟು ಬೇಗ ಎದ್ದಿರಲಾರರು.

ಮಾವನವರ ಫೋಟೋ ಮುಂದೆ ಹೊಸ ಪಂಚೆ, ಶಲ್ಯ, ಎಲೆ ಅಡಿಕೆ ಇಟ್ಟೆವು. ಮಗ ಸದ್ದಿಲ್ಲದೆ ಬಂದು ಪಂಚೆಯ ಮೇಲೆ ರಿಚ್‌ಮಂಡ್ ಮಫ್ಲರ್ ಇಟ್ಟ. ಯಜಮಾನರು ಕಣ್ಣು ಕೆಂಪಗೆ ಮಾಡಿದರು. ಅತ್ತೆ ತಡೆದರು. "ಇರ್ಲಿ ಬುಡು. ನಿಮ್ಮಪ್ಪ ಬದುಕಿದ್ದಾಗ ಎಲ್ಲಿ ಕುಸ್ತಿ ನಡೆದ್ರೂ ಹೋಗೋನು. ಇವತ್ತು ಇದ ನೋಡ್ಕಳ್ಲಿ."

ತೊಂದರೆ ಬಂದದ್ದು ಕಾಗೆಯಿಂದ. ಹಿತ್ತಲ ಗೋಡೆಯ ಮೇಲೆ ಎಡೆ ಇಟ್ಟು ಎಲ್ಲರೂ ಬಾಗಿಲ ಮರೆಯಲ್ಲಿ ನಿಂತೆವು. ಕಾಗೆ ಬರಲಿಲ್ಲ. ಬಂದದ್ದು ಕಪ್ಪು ಬಿಳಿ ಮೈಯ ಮ್ಯಾಗ್‌ಪೈ. ಮಗ ಚೀರಿಕೊಂಡ: "ಅಜ್ಜಿ, ಓಡ್ಸಿ! ಅದು ಕಾಲಿಂಗ್‌ವುಡ್ ಹಕ್ಕಿ!" ಮೆಲ್ಬರ್ನಿನಲ್ಲಿ ಹಕ್ಕಿಗೂ ಪಕ್ಷವಿದೆ. ಮ್ಯಾಗ್‌ಪೈ ಕಾಲಿಂಗ್‌ವುಡ್‌ನ ಗುರುತು, ಕಾಗೆ ಅಡಿಲೇಡಿನದು. ನಮ್ಮ ಪಿತೃಗಳು ಯಾವ ರೂಪದಲ್ಲಿ ಬಂದರೂ ಎದುರಾಳಿಯೇ. ಅತ್ತೆ ಅದನ್ನೂ ಬಗೆಹರಿಸಿದರು. "ಹಸ್ದು ಬಂದದ. ತಿನ್ಲಿ. ಆ ಟೀಮು ಈಗ ಆಟದಾಗ್ ಅದಾ?" ಇಲ್ಲ, ಹಿಂದಿನ ವಾರ ಪ್ರಿಲಿಮಿನರಿ ಫೈನಲ್‌ನಲ್ಲಿ ಜೈಂಟ್ಸ್ ಎದುರು ನಾಲ್ಕೇ ಅಂಕದಿಂದ ಸೋತಿತು ಎಂದ ಮಗ. "ಹಂಗಾರೆ ಅದಕ್ಕೂ ಜೈಂಟ್ಸ್ ಮ್ಯಾಲೆ ಹೊಟ್ಟೆಕಿಚ್ಚು ಇರ್ತದ. ನಮ್ಮ ಕಡೀಕೇ ಹರಸ್ತದ."

ಅಷ್ಟು ಹೊತ್ತಿಗೆ ಪಕ್ಕದ ಮನೆಯ ಅಂಕಲ್, ಅವರೂ ಕಾಲಿಂಗ್‌ವುಡ್‌ನವರೇ, ಒಂದು ಟ್ರೇ ತುಂಬ ಮಾಂಸದ ಪೈ ಹಿಡಿದು ಆಟ ನೋಡಲು ಬಂದರು. ಎಡೆಯ ಮನೆಗೆ ಪೈ! ಟ್ರೇಯನ್ನು ಗ್ಯಾರೇಜಿನಲ್ಲಿ ಕೂರಿಸಿ, ಅಂಕಲ್‌ಗೆ ಬಾಳೆಲೆ ಹಾಕಿ ಬಡಿಸಿದೆವು. ಕಜ್ಜಾಯದ ಮೇಲೆ ಕಜ್ಜಾಯ ತಿಂದರು. ಆಟ ಮುಗಿಯುವವರೆಗೂ ಗ್ಯಾರೇಜಿನ ಕಡೆ ತಿರುಗಿಯೂ ನೋಡಲಿಲ್ಲ.

ಆಟ ಶುರುವಾಯಿತು. ಅತ್ತೆ ಮೊದಲ ಹತ್ತು ನಿಮಿಷ ನಿಯಮ ಕೇಳಿದರು, ಉಳಿದ ಹೊತ್ತು ನಿಯಮ ಹೇಳಿದರು. ಗುರಿ ತಪ್ಪಿದರೂ ಒಂದು ಅಂಕ ಕೊಡುವುದು ಅವರಿಗೆ ಬಹಳ ಹಿಡಿಸಿತು. "ಒದ್ದ ಕಾಲ್ಗೆ ಕೂಲಿ ಕೊಡ್ತಾರೆ ಕನಪ್ಪ, ಧರ್ಮಿಷ್ಠರು." ಅಂದು ಮೊಟ್ಟಮೊದಲ ಸಲ ಟೀಮಿಗೆ ಇಳಿದ ಮಾರ್ಲಿಯನ್ ಪಿಕೆಟ್ ಅವರ ಕಣ್ಣಿಗೆ ಬಿದ್ದ. ಗ್ರ್ಯಾಂಡ್ ಫೈನಲ್‌ನಲ್ಲೇ ಪದಾರ್ಪಣೆ ಮಾಡುವ ಭಾಗ್ಯ 1952ರ ನಂತರ ಯಾರಿಗೂ ಸಿಕ್ಕಿರಲಿಲ್ಲ. ನಾಲ್ಕು ಮಕ್ಕಳ ತಂದೆ ಎಂದು ಮಗ ಹೇಳಿದ್ದೇ ತಡ, "ಸಂಸಾರಸ್ಥ. ಜವಾಬ್ದಾರಿಯಿಂದ ಒದೀತಾನೆ" ಎಂದರು. ಒದ್ದ. ಗೋಲಾಯಿತು. ಅತ್ತೆ ಎದ್ದು ನಿಂತು "ಉಘೇ ಮಾದಪ್ಪ!" ಎಂದರು. ಮುಂದಿನ ಗೋಲಿಗೆ ಅಂಕಲ್ಲೂ "ಊಗೇ!" ಎಂದರು.

ಆಮೇಲೆ ಆದದ್ದನ್ನು ಆಟ ಎನ್ನುವುದು ಕಷ್ಟ. ರಿಚ್‌ಮಂಡ್ 17 ಗೋಲು, 12 ಒಂಟಿ ಅಂಕ, ಒಟ್ಟು 114. ಜೈಂಟ್ಸ್ ಇಡೀ ಆಟದಲ್ಲಿ ಮೂರೇ ಗೋಲು, ಒಟ್ಟು 25. ವ್ಯತ್ಯಾಸ 89. ಎಂಸಿಜಿಯಲ್ಲಿ ಲಕ್ಷ ಜನ ನೋಡುತ್ತಿದ್ದರು. ಡಸ್ಟಿನ್ ಮಾರ್ಟಿನ್‌ಗೆ ಪಂದ್ಯಶ್ರೇಷ್ಠನ ನಾರ್ಮ್ ಸ್ಮಿತ್ ಪದಕ, 2017ರ ನಂತರ ಎರಡನೇ ಸಲ. ಕೊನೆಕೊನೆಗೆ ಅತ್ತೆಗೇ ಕನಿಕರ ಬಂತು. "ಆ ಹುಡುಗರ್ಗೂ ಒಂದೆರಡು ಬುಟ್ಕೊಡ್ಬಾರ್ದಾ? ಅವರ್ಗೂ ಅವ್ವದೀರು ಇರ್ತಾರೆ."

ಸಂಜೆ ರಿಚ್‌ಮಂಡಿನ ಸ್ವಾನ್ ಸ್ಟ್ರೀಟಿಗೆ ಹೋಗಲೇಬೇಕೆಂದು ಮಗ ಹಟ ಹಿಡಿದ. ಅಮಾಸೆ ರಾತ್ರಿ ಮನೆ ದಾಟಬಾರದು ಎನ್ನುವ ಅತ್ತೆಯೇ ಮೊದಲು ರೈಲು ಹತ್ತಿದರು. ಉಟ್ಟಿದ್ದು ಅರಿಶಿನ ಬಣ್ಣದ, ಕಪ್ಪು ಅಂಚಿನ ಕೊಳ್ಳೇಗಾಲದ ರೇಷ್ಮೆ ಸೀರೆ. ಬೀದಿಯಲ್ಲಿ ಕಾಲಿಡಲು ಜಾಗವಿಲ್ಲ. ಮುಖಕ್ಕೆ ಹುಲಿ ಪಟ್ಟೆ ಬಳಿದವರು, ಟ್ರಾಫಿಕ್ ಲೈಟಿನ ಕಂಬ ಏರಿದವರು, ಗುರುತಿಲ್ಲದವರನ್ನು ತಬ್ಬಿಕೊಂಡು ಅಳುವವರು. ಆ ಜಂಗುಳಿಯಲ್ಲಿ ನೆತ್ತಿಯಿಂದ ಪಾದದವರೆಗೆ ಟೀಮಿನ ಬಣ್ಣದಲ್ಲಿದ್ದ ಹಣ್ಣು ಮುದುಕಿಯನ್ನು ಕಂಡರೆ ಬಿಡುತ್ತಾರೆಯೆ? ಸೆಲ್ಫಿಗೆ ಸಾಲು ನಿಂತರು. ಅತ್ತೆ ಒಬ್ಬೊಬ್ಬರ ತಲೆ ಮುಟ್ಟಿ ಹರಸಿ "ಉಘೇ ಮಾದಪ್ಪ" ಅಂದರು. ಬಿಯರ್ ಹಿಡಿದ ಹುಡುಗರ ಗುಂಪೊಂದು ಅದನ್ನೇ ಹಿಡಿದು ಕೂಗುತ್ತಾ ಬೀದಿ ತುದಿಯವರೆಗೆ ಹೋಯಿತು. ಮಾದಪ್ಪನಿಗೆ ಆ ಅಮಾಸೆ ಎರಡು ಕಡೆ ಜಾತ್ರೆ.

ಗೆದ್ದದ್ದಾಯಿತು. ಮರುದಿನ ಎದ್ದದ್ದು ಪಾಲಿನ ಪ್ರಶ್ನೆ. ಒಂದಂಕದಿಂದ ಗೆದ್ದಿದ್ದರೆ ಒಬ್ಬ ದೇವರಿಗೆ ಒಂದು ಕಾಯಿ ಒಡೆದರೆ ಮುಗಿಯುತ್ತಿತ್ತು. 89 ಅಂಕ ಎಂದರೆ ಪಿತ್ರಾರ್ಜಿತ ಆಸ್ತಿ, ಹಕ್ಕುದಾರರು ಬಂದೇ ಬರುತ್ತಾರೆ. ಶನಿವಾರ ಒಪ್ಪತ್ತು ಮಾಡಿದ್ದಕ್ಕೆ 20 ಅಂಕ ತನ್ನದೆಂದರು ಹನೂರಣ್ಣ. ಬಿಳಿಗಿರಿರಂಗನ ಬೆಟ್ಟದಲ್ಲಿ ಭಕ್ತರ ತಲೆಗೆ ಮುಟ್ಟಿಸುವ ಆ ದೊಡ್ಡ ಚರ್ಮದ ಪಾದರಕ್ಷೆಯನ್ನು ನೆನೆದು ನಾನು ಕೈಮುಗಿದಿದ್ದೆ. ಕಾಲಿನ ಆಟಕ್ಕೆ ಪಾದರಕ್ಷೆಯ ದೇವರೇ ಬೇಕೆಂದು 19 ಅಂಕ ರಂಗನ ಖಾತೆಗೆ ಬರೆಸಿದೆ. ಮಿಕ್ಕ 50 ಮಾದಪ್ಪನದು ಎಂದರು ಅತ್ತೆ. ಲೆಕ್ಕ ಸರಿಹೋಯಿತು. ಆಟಗಾರರಿಗೆ ಏನೂ ಉಳಿಯಲಿಲ್ಲ.

"50 ಯಾಕವ್ವಾ ಅಷ್ಟೊಂದು?" ಎಂದರು ಯಜಮಾನರು.

"ಹರಕೆ ಹೊತ್ತಿದ್ನಲ್ಲ. ಹುಲಿ ಗೆದ್ರೆ ಮೊಮ್ಮಗನ ಮುಡಿ ಮಾದಪ್ಪನ್ಗೆ ಅಂತ."

ಮನೆ ಸ್ತಬ್ಧವಾಯಿತು. ಆ ವರ್ಷ ಮಗ ಡಸ್ಟಿನ್ ಮಾರ್ಟಿನ್‌ನಂತೆ ಎರಡೂ ಪಕ್ಕ ಬೋಳಿಸಿ ನಡುವೆ ಜುಟ್ಟು ಬಿಟ್ಟಿದ್ದ. ಅದು ಅತ್ತೆಯ ಕಣ್ಣಿಗೆ ಬಿದ್ದ ದಿನದಿಂದ ಅವರಿಗೆ ಊಟ ರುಚಿಸಿರಲಿಲ್ಲ. ಬೈದು ನೋಡಿದ್ದರು, ಗೋಗರೆದು ನೋಡಿದ್ದರು. ಕೊನೆಗೆ ದೇವರನ್ನೇ ಮುಂದೆ ಬಿಟ್ಟಿದ್ದರು. ಸೋತಿದ್ದರೆ ಜುಟ್ಟು ಉಳಿಯುತ್ತಿತ್ತು. ಮಗ ತನ್ನ ಜುಟ್ಟಿನ ವಿರುದ್ಧ ತಾನೇ ಎರಡೂವರೆ ಗಂಟೆ ಕೂಗಿದ್ದ.

ಈ ಸುದ್ದಿ ಕನ್ನಡಿಗರ ವಾಟ್ಸಾಪಿಗೆ ಹೇಗೋ ಹೋಯಿತು. ಬೆಂಗಳೂರಿನ ಸ್ನೇಹಿತರೊಬ್ಬರು ಫೋನು ಮಾಡಿ, ದನಿ ತಗ್ಗಿಸಿ, "ನಿಮ್ಮತ್ತೆ ಕೊಳ್ಳೇಗಾಲದವರಲ್ವಾ? ಜೈಂಟ್ಸ್‌ಗೆ ಏನಾದ್ರೂ ಮಾಡಿಸಿದ್ರಾ?" ಎಂದರು. ಕೊಳ್ಳೇಗಾಲ ಎಂದೊಡನೆ ಮಾಟ ಎನ್ನುವ ಈ ಚಾಳಿ ಸಮುದ್ರ ದಾಟಿದರೂ ಹೋಗಿಲ್ಲ. ನಮ್ಮೂರಲ್ಲಿ ರೇಷ್ಮೆ ಮಗ್ಗಗಳಿವೆ, ಸ್ವಾಮಿ, ಎಂದು ಯಜಮಾನರು ಸಿಟ್ಟಾದರು. ಮರುವಾರ ಎಸೆಂಡನ್ ಟೀಮಿನ ಕನ್ನಡಿಗರೊಬ್ಬರು ನಿಂಬೆಹಣ್ಣಿನ ಚೀಲದೊಂದಿಗೆ ಬಾಗಿಲಿಗೇ ಬಂದರು. 2004ರ ನಂತರ ಒಂದೂ ಫೈನಲ್ಸ್ ಪಂದ್ಯ ಗೆಲ್ಲದಿದ್ದ ಟೀಮು ಅವರದು. ಅತ್ತೆ ನಿಂಬೆಹಣ್ಣು ತೆಗೆದುಕೊಂಡು ಉಪ್ಪಿನಕಾಯಿ ಹಾಕಿದರು.

ದೇವರ ಸಾಲ ಇಟ್ಟುಕೊಳ್ಳಬಾರದು. 2020ರ ಜನವರಿಯಲ್ಲಿ, ಇಲ್ಲಿಯ ಬೇಸಿಗೆ ರಜೆಯಲ್ಲಿ, ಕೊಳ್ಳೇಗಾಲಕ್ಕೆ ಹೋದೆವು. ಹನೂರು, ಕೌದಳ್ಳಿ ದಾಟಿ ತಾಳಬೆಟ್ಟದಿಂದ ನಡೆದೇ ಬೆಟ್ಟ ಹತ್ತಿದೆವು. ಮುಡಿ ತೆಗೆಯುವವರು ಮಗನ ಜುಟ್ಟು ನೋಡಿ, "ಮುಕ್ಕಾಲು ಕೆಲ್ಸ ನೀವೇ ಮಾಡ್ಕಂಡ್ ಬಂದಿದ್ದೀರಿ" ಎಂದರು. ಅಂತರಗಂಗೆಯಲ್ಲಿ ಮಿಂದ ಮಗ ಬೋಳುತಲೆಗೆ ರಿಚ್‌ಮಂಡ್ ಟೋಪಿ ಹಾಕಿಕೊಂಡ. ಹುಲಿಯ ಚಿತ್ರ ನೋಡಿದ ಅಂಗಡಿಯವರೊಬ್ಬರು, "ಇದು ಯಾವ ಸೇವೆ ಮಾಡ್ಸುದ್ರೆ ಕೊಡ್ತಾರೆ?" ಎಂದು ಕೇಳಿದರು. ಸಂಜೆ ಹುಲಿವಾಹನದ ಮೇಲೆ ಉತ್ಸವಮೂರ್ತಿ ಹೊರಟಾಗ ಜೋರಾಗಿ ಉಘೇ ಎಂದವನು ನಮ್ಮ ಮಗನೇ.

ಅದೇ ವರ್ಷ ಅಕ್ಟೋಬರ್ 24ರಂದು ರಿಚ್‌ಮಂಡ್ ಮತ್ತೆ ಗೆದ್ದಿತು, ಜೀಲಾಂಗ್ ವಿರುದ್ಧ 31 ಅಂಕದಿಂದ. ಕೊರೊನಾದಿಂದಾಗಿ ಆ ಪಂದ್ಯ ಬ್ರಿಸ್ಬೇನಿಗೆ ಹೋಗಿತ್ತು, ನಾವು ಮನೆಯೊಳಗೆ ಕೂತು ನೋಡಿದೆವು. ಕೊಟ್ಟ ಮುಡಿಗೆ ಬಂದ ಬಡ್ಡಿ ಅದು ಎಂಬುದು ಅತ್ತೆಯ ಲೆಕ್ಕ. ಬಡ್ಡಿ ಅಲ್ಲಿಗೆ ತೀರಿತು. 2024ರಲ್ಲಿ ಎರಡೇ ಪಂದ್ಯ ಗೆದ್ದು ಹದಿನೆಂಟು ಟೀಮುಗಳಲ್ಲಿ ಹದಿನೆಂಟನೆಯದಾಯಿತು ನಮ್ಮ ಹುಲಿ. ಡಸ್ಟಿನ್ ಮಾರ್ಟಿನ್ ಕೂಡ ಅದೇ ವರ್ಷ ನಿವೃತ್ತನಾದ. ಇನ್ನೊಂದು ಮುಡಿ ಕೊಟ್ಟರೆ ಸರಿಹೋಗುತ್ತದೆ ಎಂದು ಅತ್ತೆ ಫೋನಿನಲ್ಲಿ ಹೇಳುತ್ತಲೇ ಇದ್ದಾರೆ. ಮಗ ಈಗ ಅಜ್ಜಿಯ ಫೋನು ಬಂದರೆ ತಲೆಯ ಮೇಲೆ ಕೈಯಿಟ್ಟುಕೊಂಡೇ ಮಾತಾಡುತ್ತಾನೆ. ಯಜಮಾನರ ತಲೆಯಲ್ಲಿ ಹರಕೆಗೆ ಸಾಲುವಷ್ಟು ಕೂದಲಿಲ್ಲ.

ಹೊರನಾಡಿಗೆ ಹೊಸದಾಗಿ ಬರುವ ನಮ್ಮ ಸೀಮೆಯವರಿಗೆ ನನ್ನದೊಂದೇ ಮಾತು. ಟೀಮು ಯಾವುದನ್ನಾದರೂ ಆರಿಸಿಕೊಳ್ಳಿ, ಹಿರಿಯರನ್ನು ಧಾರಾಳವಾಗಿ ಕರೆಸಿಕೊಳ್ಳಿ. ಆದರೆ ಯಾವ ಹರಕೆ, ಯಾರ ತಲೆಯ ಮೇಲೆ ಎಂಬುದನ್ನು ಆಟ ಶುರುವಾಗುವ ಮುಂಚೆಯೇ ಕೇಳಿ ತಿಳಿದುಕೊಂಡು, ಆಮೇಲೆ ಚಪ್ಪಾಳೆ ಹೊಡೆಯಿರಿ.